ಒಂದು ಹನಿಗೆ ಮೂರು

ಕಾಸ್ಪರನ ಲೆಕ್ಕದಲ್ಲಿ
ಒಂದು ಹನಿ ಸೇಬಿನ ರಸಕ್ಕೆ
ಮೂರು ಹನಿ ಪುದೀನ ಚಹಾ.
ಎರಡು ಕೊಟ್ಟರೆ ಒಲ್ಲೆ ಅನ್ನುತ್ತಾನೆ,
ನಾಲ್ಕು ಕೊಟ್ಟರೆ ಸೇಬನ್ನೇ ಮರೆಯುತ್ತಾನೆ;
ಮೂರಕ್ಕೆ ಮಾತ್ರ ಕಣ್ಣು
ಎಡಕ್ಕೊಮ್ಮೆ, ಬಲಕ್ಕೊಮ್ಮೆ,
ಮುಳ್ಳು ನಿಲ್ಲದ ತಕ್ಕಡಿ.

ಗೋಟಿಂಗೆನ್ನಿನ ಈ ನೆಲಮಾಳಿಗೆಯಲ್ಲಿ
ಹನ್ನೊಂದು ವರ್ಷ ನಾನು ಈ ಚೌಕಾಸಿಯ ಗುಮಾಸ್ತೆ.
ಕೂದಲಿಗಿಂತ ಸಣ್ಣ ತಂತಿ ಅವನ ಹಣೆಯ ಹಿಂದೆ,
ಕಣ್ಣುಗೂಡಿನ ಮೇಲ್ಗಡೆ, ಒಂದೇ ಒಂದು ಕೋಶದ ಪಕ್ಕ.
ಅದರ ಮಾತು ಸ್ಪೀಕರಿನಲ್ಲಿ,
ಬಿಸಿ ಬಾಣಲೆಯಲ್ಲಿ ಜೋಳ ಅರಳಿದ ಹಾಗೆ.
ಸೇಬಿನದೋ ಚಹಾದ್ದೋ ಅದಕ್ಕೆ ಗೊತ್ತಿಲ್ಲ,
ಎಷ್ಟು ಬೇಕು ಎಂಬುದಷ್ಟೇ ಗೊತ್ತು.

ಇನ್ನೊಂದು ಕೋಶ, ಆಳದಲ್ಲಿ, ಬೇರೆ ಜಾತಿಯದು.
ಮೊದಲ ವಾರ ರಸ ಬಿದ್ದಾಗ ಸಿಡಿಯಿತು.
ತಿಂಗಳಾಗುವುದರಲ್ಲಿ ರಸಕ್ಕೆ ಸುಮ್ಮನಾಗಿ
ರಸ ಬರುತ್ತದೆಂದು ಸಾರುವ
ನೀಲಿ ದೀಪಕ್ಕೆ ಸಿಡಿಯತೊಡಗಿತು.
ಒಂದು ಬುಧವಾರ ಪಂಪು ಕೆಟ್ಟಿತು.
ದೀಪ ಹತ್ತಿತು, ರಸ ಬರಲಿಲ್ಲ.
ಸರಿಯಾಗಿ ಆ ಗಳಿಗೆಗೆ
ಸ್ಪೀಕರಿನ ಸದ್ದಿನಲ್ಲಿ ಒಂದು ತೂತು ಬಿತ್ತು.
ಅಷ್ಟು ಅಳತೆಯ ಮೌನ ನಾನು ಕೇಳಿದ್ದು
ಅದಕ್ಕೂ ಮುಂಚೆ ಒಮ್ಮೆ ಮಾತ್ರ:
ಸ್ಟೇಷನ್ನಿನಲ್ಲಿ, ಹಾನೋವರ್ ರೈಲು ಬಂದು
ಬಾಗಿಲುಗಳೆಲ್ಲ ತೆರೆದು, ಮುಚ್ಚಿ,
ಯೋಸ್ಟ್ ಇಳಿಯದೆ ಹೋದಾಗ.

ಈಗ ನನ್ನ ಮುಂದೆ ಒಂದು ಫಾರಂ.
ಪ್ರಯೋಗ ಮುಗಿದಿದೆ. ತಂತಿ ಎಲ್ಲೆಲ್ಲಿ ಹೊಕ್ಕಿತ್ತೋ
ಕೊಯ್ದು ನೋಡುವುದು, ಒಂದು ಚೌಕ;
ಹಿಂದಿನ ಅಂಗಳದ ಮುದಿ ಮಂಗಗಳ ಜೊತೆ ಬಿಡುವುದು, ಇನ್ನೊಂದು.
ಡಾಕ್ಟರ್ ಐಲರ್ಸ್ ಅಂದರು: ಶಿಫಾರಸು ನಿಮ್ಮದು ವೀಬ್ಕೆ,
ಅವನನ್ನು ಬಲ್ಲವರು ನೀವೇ.
ಹೌದು, ಬಲ್ಲೆ. ಒಂದಕ್ಕೆ ಮೂರು.
ಅದರಾಚೆಗಿನ ದರ ನನಗೂ ತಿಳಿಯದು.
ಒಂದು ಕಡೆ ನೂರಿಪ್ಪತ್ತು ಗಾಜಿನ ಪಟ್ಟಿ,
ಜೂಜು ಬಿಡಲಾಗದ ಯಾವನಿಗೋ
ಮುಂದೆಂದೋ ಸಿಕ್ಕಬಹುದಾದ ಮದ್ದು.
ಇನ್ನೊಂದು ಕಡೆ,
ಬೆಳಿಗ್ಗೆ ನನ್ನ ಕೀಲಿಗೊಂಚಲಿನ ಸದ್ದಿಗೇ
ತುಟಿ ಚಪ್ಪರಿಸುವ ಒಬ್ಬ.

ಪೆನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ನನ್ನ ಹಣೆಯೊಳಗೂ ಜೋಳ ಅರಳುತ್ತಿರಬೇಕು;
ಕೇಳಿಸಿಕೊಳ್ಳಲು ಯಾರೂ ತಂತಿ ಇಟ್ಟಿಲ್ಲ.

ಎದ್ದು ಹೋಗಿ, ದೀಪ ಹಚ್ಚದೆ,
ಏನೂ ಕೇಳದೆ, ಬಟ್ಟಲು ತುಂಬ
ಸೇಬಿನ ರಸ ಇಟ್ಟೆ.
ಕುಡಿಯುವ ಮೊದಲು ಅವನು
ಆರಿದ ದೀಪವನ್ನು ನೋಡಿದ,
ಆಮೇಲೆ, ಬಹಳ ಹೊತ್ತು, ನನ್ನನ್ನು.

ಫಾರಂ ಇನ್ನೂ ಮೇಜಿನ ಮೇಲಿದೆ.
ಶುಕ್ರವಾರ ಕೊನೆಯ ದಿನ.