ಎರಡು ಕದ

ಮೊದಲ ವಾರ ಯಾರೂ ನನ್ನ ಕೈಗೆ ಸೂಜಿ ಕೊಡಲಿಲ್ಲ.
ಜವರಯ್ಯ ಕೊಟ್ಟದ್ದು ಒಂದು ಬಕೆಟ್ಟು, ಹಳೆಯ ಪಂಚೆಯ ತುಂಡು.
ಫಿನಾಯಿಲ್ ಬಾಟಲಿಗೆ ಕೈ ಚಾಚಿದೆ,
ಮಣಿಕಟ್ಟು ಹಿಡಿದು ನಿಲ್ಲಿಸಿದ:
"ಬೆಕ್ಕು ನೆಲ ತುಳೀತದೆ, ಆಮೇಲೆ ಪಾದ ನೆಕ್ಕೊತದೆ.
ನೆಕ್ಕುದ್ರೆ ಮುಗೀತು ಕಣವ್ವ."
ನನ್ನ ಪುಸ್ತಕದಲ್ಲಿ ಬೆಕ್ಕಿನ ಯಕೃತ್ತಿಗೆ ಹನ್ನೊಂದು ಪುಟ.
ನೆಲಕ್ಕೆ ಒಂದು ಸಾಲೂ ಇರಲಿಲ್ಲ.

ಮಂಡ್ಯದ ಗುತ್ತಲು ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಮಗ್ಗುಲಿಗೆ,
ಡಾಕ್ಟರ್ ಪ್ರಫುಲ್ಲಾ ಅವರ ಕ್ಲಿನಿಕ್ಕು.
ಅದಕ್ಕೆ ಎರಡು ಕದ.
ಹೊರಗೆ ಜಾಲರಿಯದು, ಒಳಗೆ ಮರದ್ದು,
ನಡುವೆ ಬೆಂಚು ಹಿಡಿಸುವಷ್ಟು ಜಾಗ, ತೂಕದ ಯಂತ್ರ,
ಸುಣ್ಣದ ಗೋಡೆಯ ಮೇಲೆ
ನಾಯಿಗಳು ಮೈ ಉಜ್ಜಿ ಉಜ್ಜಿ ಎಳೆದ ಕಂದು ಗೆರೆ.
"ಒಂದ್ ಕದ ಮುಚ್ಚಗಂಟ ಇನ್ನೊಂದಕ್ಕೆ ಕೈ ಹಾಕ್ಬ್ಯಾಡ"
ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ.
ಹನ್ನೊಂದನೆಯ ಸಲಕ್ಕೆ ನಾನು ಕೇಳಿಸಿಕೊಳ್ಳುವುದು ಬಿಟ್ಟಿದ್ದೆ.

ಎರಡನೆಯ ವಾರ ಹಿಡಿಯುವುದು ಕಲಿತೆ.
ಟವೆಲ್ಲು ಹಾಸಿ, ಬೆಕ್ಕನ್ನು ನಡುವೆ ಕೂರಿಸಿ,
ಕಡುಬು ಮಡಿಚುವ ಹಾಗೆ ಅತ್ತಲಿಂದ ಒಮ್ಮೆ, ಇತ್ತಲಿಂದ ಒಮ್ಮೆ;
ಹೂರಣ ಸೋರಬಾರದು, ಉಸಿರು ಕಟ್ಟಬಾರದು.
ನಾಯಿಗಾದರೆ ಮೊದಲು ಬೇರೆಲ್ಲೋ ನೋಡುತ್ತಾ ಕೂರಬೇಕು,
ಸಾಲ ಕೇಳಲು ಬಂದ ನೆಂಟರ ಹಾಗೆ,
ವಿಷಯ ಆಮೇಲೆ ತೆಗೆಯಬೇಕು.

ನಡುನಡುವೆ ಜನ ಬರುತ್ತಿದ್ದರು, ಅವರವರ ತಪ್ಪು ಎತ್ತಿಕೊಂಡು.
ಪಾಯಸದ ಒಣದ್ರಾಕ್ಷಿಯನ್ನು ಆರಿಸಿ ಆರಿಸಿ
ನಾಯಿಮರಿಗೆ ತಿನ್ನಿಸಿದ ಅಜ್ಜಿ.
ಇಲಿ ಪಾಷಾಣ "ಮೇಲಕ್ಕೇ ಇಟ್ಟಿದ್ದೆ" ಎಂದು
ಅಟ್ಟದ ಎತ್ತರ ಕೈಯಲ್ಲಿ ತೋರಿಸುತ್ತಲೇ ಇದ್ದ ಹುಡುಗ.
ಮೈ ಬಿಸಿ ಇತ್ತು ಅಂತ ಬೆಕ್ಕಿಗೆ
ತನ್ನದೇ ಜ್ವರದ ಮಾತ್ರೆಯಲ್ಲಿ ಅರ್ಧ ಕೊಟ್ಟ ಲೈನ್‌ಮನ್.
ತುಟಿ ಎತ್ತಿ ನೋಡಿದರೆ ಒಸಡು ಬೆಲ್ಲದ ಬಣ್ಣ,
ಆಲೆಮನೆಯ ಕೊಪ್ಪರಿಗೆ ತಳ ಹಿಡಿದಾಗಿನ ಬಣ್ಣ.
ಬೆಳಗಿನ ತನಕ ಅದು ಉಳಿಯಲಿಲ್ಲ.
ದುಡ್ಡು ಎಣಿಸುವಾಗ ಅವನ ಪರ್ಸಿನಿಂದ
ಇನ್ನರ್ಧ ಮಾತ್ರೆ ಜಾರಿ ಮೇಜಿನ ಮೇಲೆ ಬಿತ್ತು.
ಡಾಕ್ಟರು ಅದರ ಮೇಲೆ ಅಂಗೈ ಇಟ್ಟರು,
ಅವನು ಹೋಗುವ ತನಕ ತೆಗೆಯಲಿಲ್ಲ.
ನಾನು ಒಳಗೊಳಗೇ ಅವನನ್ನು ಬೈಯುತ್ತಿದ್ದೆ.

ಮೂರನೆಯ ವಾರ, ಗುರುವಾರ, ಟೈಲರ್ ಫಯಾಜ್ ಸಾಬರ ಬೆಕ್ಕು.
ಹೆಸರು ಗುಂಡಿ. ಎದೆಯ ಮೇಲೆ ಸಾಲಾಗಿ ಮೂರು ಬಿಳಿ ಚುಕ್ಕೆ.
ಫೋನು ಹೊಡೆದುಕೊಳ್ಳುತ್ತಿತ್ತು, ಅಮ್ಮ.
ಹೊರಗಿನ ಕದದ ಚಿಲಕ ಬಿದ್ದಿರಲಿಲ್ಲ.
ತೂಕಕ್ಕೆಂದು ಬುಟ್ಟಿಯ ಮುಚ್ಚಳ ತೆಗೆದೆ.
ಬೂದುಬಣ್ಣದ್ದೇನೋ ನನ್ನ ಭುಜ ಹತ್ತಿ, ಇಳಿದು,
ರಸ್ತೆಯ ಪಾಲಾಯಿತು.

ಕಾರ್ಖಾನೆಗೆ ಹೊರಟ ಕಬ್ಬಿನ ಟ್ರಾಕ್ಟರುಗಳು ಸಾಲು ನಿಂತಿದ್ದವು,
ಹದಿನಾಲ್ಕು.
ಒಂದೊಂದರ ಅಡಿಗೂ ತೆವಳಿ ಹೆಸರು ಕರೆದೆ.
ಗುಂಡೀ, ಗುಂಡೀ ಎಂದು ಕೂಗುವವಳನ್ನು ಕಂಡು
ರಸ್ತೆ ಕಿತ್ತುಹೋಗಿದೆ ಅಂದುಕೊಂಡು ಒಂದು ಬೈಕು ನಿಧಾನವಾಯಿತು.
ಕತ್ತಲಾಯಿತು. ಡ್ರೈವರುಗಳು ಬೀಡಿ ಆರಿಸಿ ಟಾರ್ಚು ಹಿಡಿದರು.
ಸಾಬರು ಬೈಯಲಿಲ್ಲ.
ಹುಡುಗನನ್ನು ಅಂಗಡಿಗೆ ಓಡಿಸಿ ಕತ್ತರಿ ತರಿಸಿದರು,
ಬಟ್ಟೆಯಿಲ್ಲದ ಗಾಳಿಯನ್ನು ಕತ್ತರಿಸುತ್ತಾ ನಡೆದರು.
ಕಚ್ ಕಚ್. ಕಚ್ ಕಚ್.
ಒಂಬತ್ತನೆಯ ಗಾಡಿಯ ಸೋಗೆಯೊಳಗೆ
ಎರಡು ಹಸಿರು ಕಣ್ಣು.

ರಿಜಿಸ್ಟರಿನಲ್ಲಿ ಬರೆ ಅಂದರು ಡಾಕ್ಟರು.
'ಕದ ತೆರೆದಿತ್ತು' ಎಂದು ಬರೆದೆ.
ಓದಿ, ಪೆನ್ನು ವಾಪಸು ಕೊಟ್ಟರು.
'ಕದ ನಾನು ಮುಚ್ಚಿರಲಿಲ್ಲ' ಎಂದು ಬರೆದೆ.

ಮುಂದಿನ ತಿಂಗಳು ಲಸಿಕೆಗೆ ಸಾಬರು ಮತ್ತೆ ಬಂದರು.
ಬುಟ್ಟಿಯ ಬಾಯಿಗೆ ಕಾಜಾ ಹೊಲಿಯುವ ದಪ್ಪ ದಾರ,
ಮೂರು ಗಂಟು.
ಒಮ್ಮೆ ಜವರಯ್ಯನ ಕಡೆ ನೋಡಿ
ಬುಟ್ಟಿ ನನಗೇ ಕೊಟ್ಟರು.
ಹೊರಗಿನ ಕದ ಎಳೆದೆ. ಚಿಲಕ ಹಾಕಿದೆ. ಮತ್ತೆ ಎಳೆದು ನೋಡಿದೆ.
ಫೋನು ಹೊಡೆದುಕೊಳ್ಳುತ್ತಿತ್ತು, ಅಮ್ಮನೇ ಇರಬೇಕು.
ಮೂರನೆಯ ಗಂಟು ಬಿಡಿಸುವಾಗ ಗುಂಡಿ ಪಂಜ ಚಾಚಿ
ನನ್ನ ಮಣಿಕಟ್ಟಿಗೆ ಉಗುರು ಹಾಕಿತು.
ಅದೂ ಬಿಡಲಿಲ್ಲ, ನಾನೂ.