ಒಂದು ಸೂತು ಕಮ್ಮಿ

ಡಾಕ್ಟರಮ್ಮ ಹೇಳಿದ್ದು ಸೆಂಟಿಮೀಟರಿನಲ್ಲಿ: ಮೂರೂವರೆ.
ನಲವತ್ತು ವರ್ಷ ಇಂಚಿನಲ್ಲೇ ಬಾಳಿದವನು ನಾನು.
ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು
ಕೊರಳ ಟೇಪಿನ ಹಿಂಬದಿ ತಿರುವಿ ನೋಡಿದೆ.
ಒಂದೂವರೆ ಇಂಚಿಗೆ ಒಂದು ಸೂತು ಕಮ್ಮಿ.
ಅಂದರೆ ಜೀನ್ಸಿನ ಸೊಂಟಪಟ್ಟಿಯಷ್ಟು ಅಗಲ, ಹೆಚ್ಚೂಕಮ್ಮಿ.
ಇರಬೇಕಾದದ್ದು ಅದರ ಗುಂಡಿಯಷ್ಟು.

ಹೊಟ್ಟೆಯೊಳಗೆ, ಬೆನ್ನೆಲುಬಿಗೆ ಆತುಕೊಂಡು
ಎದೆಯಿಂದ ಇಳಿಯುವ ದೊಡ್ಡ ರಕ್ತನಾಳ
ಒಂದು ಕಡೆ ಉಬ್ಬಿದೆ.
ಹುಡುಕಿದ್ದು ಅದನ್ನಲ್ಲ, ಕಿಡ್ನಿಯ ಕಲ್ಲನ್ನು.
ಕಲ್ಲು ಸಿಗಲಿಲ್ಲ.

ಉಬ್ಬುವುದೆಂದರೇನು ಅಂತ ನನಗೆ ಬಿಡಿಸಿ ಹೇಳಬೇಕಿಲ್ಲ.
ಕೌಲ್‌ಬಜಾರಿನ ಈ ಶೆಡ್ಡಿನಲ್ಲಿ
ಮೊಣಕಾಲ ಹತ್ತಿರ ಜೋತ ಎಷ್ಟು ಪ್ಯಾಂಟು ನೋಡಿಲ್ಲ ನಾನು.
ಕೂತು ಎದ್ದು, ಕೂತು ಎದ್ದು
ಬಟ್ಟೆ ತನ್ನ ಹಟ ಬಿಟ್ಟುಕೊಟ್ಟ ಜಾಗ ಅದು.
ಹರಿದಿಲ್ಲ. ಹೊಲಿಗೆ ಬಿಚ್ಚಿಲ್ಲ.
ಇಸ್ತ್ರಿ ಹಾಕಿದರೂ ಮೊದಲಿನ ಹಾಗೆ ಕೂಡುವುದಿಲ್ಲ, ಅಷ್ಟೇ.

"ಬೀಡಿ?" ಅಂದರು.
"ದಿನಕ್ಕೊಂದು ಕಟ್ಟು."
ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಬಿಟ್ಟೆ. ಈಗ ತುಟಿಯಲ್ಲಿ ದಾರದ ತುಂಡು.
ಬಂಡಲು ಎತ್ತುವುದನ್ನೂ ಬಿಟ್ಟೆ,
ಯಾಕೆಂದು ಯಾರಿಗೂ ಹೇಳಲಿಲ್ಲ. ರಸೂಲ ಮಾತ್ರ
ಒಂದು ದಿನ ಕೇಳದೆಯೇ ಬಂದು
ನನ್ನ ಪಾಲಿನದನ್ನೂ ಹೆಗಲಿಗೇರಿಸಿ
"ವಯಸ್ಸಾತು ಮಾಸ್ತರ" ಅಂತ ನಕ್ಕ.
ನನಗಿಂತ ಮೂರು ವರ್ಷ ದೊಡ್ಡವ ಅವನು.

ಬಿಪಿ ಏರಬಾರದು. ಹಾಗಾಗಿ ಮನೆಯಲ್ಲಿ
ಜಗಳಗಳನ್ನೆಲ್ಲ ಹಂಪಮ್ಮನೇ ಗೆಲ್ಲುತ್ತಾಳೆ.
ಹೊಸ ಕುಕ್ಕರು ಬಂತು.
ಅವಳ ತಮ್ಮ ಬಂದು ಹದಿನೈದು ದಿನ ಉಳಿದ.
ಒಗ್ಗರಣಿ ಜೊತೆಯ ಮಿರ್ಚಿ
ನನ್ನ ತಟ್ಟೆಯಿಂದ ಅವಳ ತಟ್ಟೆಗೆ ದಾಟಿತು.
ಗೆದ್ದ ರಾತ್ರಿಗಳಲ್ಲೇ, ಮಲಗುವ ಮುಂಚೆ,
ನನ್ನ ಹೊಕ್ಕುಳ ಮೇಲೆ ಅಂಗೈ ಇಡುತ್ತಾಳೆ,
ಇಡ್ಲಿ ಹಿಟ್ಟು ಉಬ್ಬಿತೇ ಎಂದು
ಪಾತ್ರೆ ಮುಟ್ಟಿ ನೋಡುವ ಹಾಗೆ.
ಮಾತಿಲ್ಲ. ಆಮೇಲೆ ಮಗ್ಗುಲು ಬದಲಿಸುತ್ತಾಳೆ.

ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತದೆ.
ಮೂವತ್ತು ಮಿಷನ್ನು ಒಮ್ಮೆಲೇ ಬಾಯಿ ಮುಚ್ಚುತ್ತವೆ.
ತಗಡಿನ ಕೆಳಗೆ ಬಳ್ಳಾರಿ ಬಿಸಿಲು, ನೀಲಿ ನೂಲಿನ ಧೂಳು,
ಹೊರಗೆ ಅದಿರು ಲಾರಿಯೊಂದು ಗೇರು ಬದಲಿಸುವ ಸದ್ದು.
ಆಗ ಕೇಳುತ್ತದೆ ಅದು.
ಕಿವಿಗಲ್ಲ. ಹೊಕ್ಕುಳ ಹಿಂದೆ, ಎಡಕ್ಕೆ ಒಂಚೂರು,
ಯಾರೋ ಪೆಡಲು ತುಳಿಯುತ್ತಿದ್ದಾರೆ.
ಕರೆಂಟು ಬೇಡದ ಮಿಷನ್ನು.
ಹುಡುಗರು ಫೋನು ತೆಗೆಯುತ್ತಾರೆ, ನಾನು ಎಣಿಸುತ್ತೇನೆ.
ಮೊದಲ ವರ್ಷ ಹೆದರಿ ಎಣಿಸುತ್ತಿದ್ದೆ.
ಈಗ ಯಾಕೆ ಎಣಿಸುತ್ತೇನೋ ಗೊತ್ತಿಲ್ಲ.

ಮೊನ್ನೆ ನಾಲ್ಕನೇ ಸ್ಕ್ಯಾನು. ತಣ್ಣನೆಯ ಲೋಳೆ ಸವರಿ
ಆ ಹುಡುಗಿ ಪರದೆಯ ಮೇಲೆ ಎರಡು ಚುಕ್ಕೆ ಇಟ್ಟು
ನಡುವೆ ಗೆರೆ ಎಳೆದಳು. ಉಸಿರು ಹಿಡೀರಿ ಅಂದಳು.
ಹೇಳುವ ಮೊದಲೇ ಹಿಡಿದಿದ್ದೆ.
ಮೂರೂವರೆ. ಹೋದ ವರ್ಷದ್ದೇ.
"ಐದೂವರೆ ಆದರೆ ಆಪರೇಷನ್ ಮಾತು," ಅಂದರು ಡಾಕ್ಟರಮ್ಮ,
"ಅಲ್ಲೀತನಕ ಜಾಗ ಇದೆ."

ಇದು ನನಗೆ ತಿಳಿಯುವ ಭಾಷೆ.
ಬೆಳೆಯುವ ಹುಡುಗರ ಪ್ಯಾಂಟಿಗೆ
ಒಳಗೆ ಬಟ್ಟೆ ಮಡಚಿ ಬಿಡುತ್ತೇವಲ್ಲ,
ಮುಂದೆ ಬೇಕಾದರೆ ಬಿಚ್ಚಿಕೊಳ್ಳಲಿ ಅಂತ.
ಕೆಲವರು ಬಿಚ್ಚಿಸಲು ತರುತ್ತಾರೆ.
ಬಹಳ ಮಂದಿ ತರುವುದೇ ಇಲ್ಲ.

ಬರುವ ವರ್ಷದ ಚೀಟಿ ಬಾಬಿನ್ ಡಬ್ಬಿಯಲ್ಲಿದೆ,
ಆಗಲೇ ಎಣ್ಣೆ ಕಲೆ ಹತ್ತಿಸಿಕೊಂಡು.
ಇವತ್ತು ಎಂಬತ್ತು ಪೀಸಿಗೆ ಸೊಂಟಪಟ್ಟಿ ಕೂಡಿಸಬೇಕು.
ಒಂದೊಂದಕ್ಕೂ ಟೇಪು ಹಿಡಿಯುತ್ತೇನೆ, ಒಂದೂವರೆ, ಒಂದೂವರೆ.
ಹಿಡಿಯಬೇಕಾಗಿಲ್ಲ, ಮಿಷನ್ನೇ ಅಳತೆ ತಪ್ಪದೆ ಮಡಚುತ್ತದೆ.
ಆ ಕಡೆಯಿಂದ ರಸೂಲ ಕೂಗುತ್ತಾನೆ:
ಜಲ್ದಿ ಮಾಸ್ತರ, ಮತ್ತ ಕರೆಂಟು ಹೋಗ್ತೈತಿ.