ಏಳನೇ ಹಾಸಿಗೆ

ಮುಹರ್ರಖ್‌ನ ವೃದ್ಧಾಶ್ರಮ, ಬೆಳಗಿನ ಹತ್ತು.
ಹೊರಗೆ ಕಾರಿನ ಹಿಡಿ ಮುಟ್ಟಲಾಗದ ಬಿಸಿಲು,
ಒಳಗೆ ಎಲ್ಲರ ಮೊಣಕಾಲಿಗೂ ಕಂಬಳಿ.
ಕೋಣೆಯ ತಾಪ: ಇಪ್ಪತ್ತೆರಡು. ಸರಿ.
ಸ್ನಾನದ ನೀರು: ಮೊಣಕೈಯದ್ದಿ ನೋಡಿದೆ. ಸರಿ.
ಬೆನ್ನುಹುಣ್ಣು: ಮಗ್ಗುಲು ಹೊರಳಿಸಿ, ಬಟ್ಟೆ ಸರಿಸಿ ನೋಡಿದೆ.
ಇಲ್ಲ. ಬರೀ ಪೌಡರಿನ ಘಮ.

ಏಳನೇ ಹಾಸಿಗೆಯ ಗಂಟೆ ಒತ್ತಿ ಗಡಿಯಾರ ಹಿಡಿದೆ.
ಮೂವತ್ತೊಂದು ಸೆಕೆಂಡಿಗೆ ಓಡಿ ಬಂದಳು ಜೆಸಿಂತಾ,
ಶಿರ್ವದ ಹುಡುಗಿ, ಕೈಯಲ್ಲಿನ್ನೂ ಯಾರದೋ ಗಂಜಿಯ ಚಮಚ.
'ಓ, ನೀವಾ ಮೇಡಂ' ಎಂದು
ನಗುವುದಕ್ಕೂ ಉಸಿರು ಸಾಲದೆ ನಿಂತಳು.
ಉತ್ತಮ, ಎಂದು ಬರೆದೆ.

ತಿಂಗಳ ಲೆಕ್ಕ ತೆಗೆದೆ.
ರಾತ್ರಿ ಹನ್ನೆರಡರಿಂದ ಐದು, ಈ ಹಾಸಿಗೆಯಿಂದ
ಒಂದೇ ಒಂದು ಕರೆಯಿಲ್ಲ.
ದೂರು: ಸೊನ್ನೆ.

ಉಮ್ ಗಾನಿಮ್, ರಾತ್ರಿ ಬಾಯಾರುವುದಿಲ್ಲವೇ?
ನನ್ನ ಹರಕು ಅರಬ್ಬಿಗೆ ಅಜ್ಜಿ ಕಣ್ಣರಳಿಸಿ
ಬಾಗಿಲಾಚೆ ನೋಡಿ ದನಿ ತಗ್ಗಿಸಿದಳು:

'ಬಾಯಾರುತ್ತೆ. ಆದರೆ ರಾತ್ರಿಯ ಹುಡುಗಿ
ಆಗಷ್ಟೇ ಕೂತಿರುತ್ತಾಳೆ.
ಕುರ್ಚಿ ಕಿರ್ರೆನ್ನೋದು ಕೇಳುತ್ತೆ ನನಗೆ.
ಇಪ್ಪತ್ತು ಮಂದಿಗೆ ಒಬ್ಬಳು.
ನಾಲಿಗೆ ಹೊರಳಿಸಿಕೊಂಡು
ಬಾಂಗಿನ ತನಕ ಮಲಗಿರ್ತೇನೆ.
ಬರೀಬೇಡ ಇದನ್ನ. ಅವಳನ್ನ ಊರಿಗೆ ಕಳಿಸಿಬಿಡ್ತಾರೆ.'

ಪೆನ್ನು ಕಾಗದದ ಮೇಲೇ ಇತ್ತು;
ಚುಕ್ಕಿಯೊಂದು ಶಾಯಿ ಹೀರಿ ಅಗಲವಾಗುತ್ತಿತ್ತು.

ಸೊನ್ನೆಯನ್ನು ಹೊಡೆದುಹಾಕಿದೆ.
'ರಾತ್ರಿಗೆ ಇನ್ನೊಬ್ಬರು ಬೇಕು' ಎಂದು ಬರೆದೆ.
ಯಾಕೆಂದು ಬರೆಯಲಿಲ್ಲ.

ತಲೆದಿಂಬಿನ ಪಕ್ಕ ನೀರಿನ ಬಾಟಲಿ ಇತ್ತು,
ಬೆಳಗ್ಗೆ ತುಂಬಿಸಿದ್ದು, ಬಿಗಿಯಾಗಿ ಮುಚ್ಚಿದ್ದು.
ಹೊರಡುವ ಮೊದಲು ಮುಚ್ಚಳವನ್ನು
ಅರ್ಧ ಸುತ್ತು ಸಡಿಲಿಸಿಟ್ಟೆ.